ಸಕ್ಕರೆಯ ತಲೆ, ಎಣ್ಣೆಯ ಬಾಲ

ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆಯನ್ನು ನಂಬಿ ಕಡಲು ದಾಟಿ ಬಂದವನು. ಚೌಲ್ ಬಂದರಿನಲ್ಲಿ ಇಳಿದು, ಜುನ್ನರಿನಲ್ಲಿ ಮಳೆಗಾಲ ಕಳೆದು, 1471ರ ಸುಮಾರಿಗೆ ಬೀದರ ತಲುಪಿದ. ಆಗ ಬಹಮನಿ ಸುಲ್ತಾನರ ಆ ರಾಜಧಾನಿಯಲ್ಲಿ ವಜೀರ ಮಹಮೂದ್ ಗವಾನನ ಮಾತು ನಡೆಯುತ್ತಿತ್ತು. ನಿಕಿತಿನ್ ಬರೆದಿಟ್ಟ ಟಿಪ್ಪಣಿಗಳಲ್ಲಿ ಆನೆ, ಅಂಬಾರಿ, ಸುಲ್ತಾನನ ಸವಾರಿ ಎಲ್ಲ ಇವೆ. ನನ್ನ ಕಣ್ಣು ನಿಂತದ್ದು ಮಾತ್ರ ಒಂದು ಸಣ್ಣ ವಿವರದ ಮೇಲೆ. ಈ ಸೀಮೆಯಲ್ಲಿ ಕುದುರೆಗಳಿಗೆ ಕಡಲೆ ಹಾಕುತ್ತಾರೆ, ಸಕ್ಕರೆ ಸೇರಿಸಿ ಖಿಚಡಿ ಬೇಯಿಸಿ ಜಿಡ್ಡು ಬೆರೆಸಿ ತಿನ್ನಿಸುತ್ತಾರೆ ಎಂದು ಆತ ಬರೆಯುತ್ತಾನೆ. ಕುದುರೆ ವ್ಯಾಪಾರಿಗೆ ಕುದುರೆಯ ಮೇವಿನ ಮೇಲೆ ಕಣ್ಣಿರುವುದು ಸಹಜವೇ.

ಸಕ್ಕರೆ ಮತ್ತು ಜಿಡ್ಡು. ಖಿಚಡಿಯಲ್ಲಿ ಅಕ್ಕಿ-ಬೇಳೆ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತವೆ. ಬರೀ ಎಣ್ಣೆಗೆ ಬರೀ ಸಕ್ಕರೆ ಹಾಕಿ ನೋಡಿ, ಎಷ್ಟು ಕದಡಿದರೂ ಹರಳು ತಳ ಹಿಡಿದು ಕೂರುತ್ತದೆ. ಸಕ್ಕರೆ ನೀರಿನ ಕಡೆಯದು, ಎಣ್ಣೆಗೆ ನೀರೆಂದರೆ ಆಗದು. ಈ ಎರಡನ್ನೂ ಹೇಗಾದರೂ ಮಾಡಿ ಒಂದೇ ಅಣುವಿನಲ್ಲಿ ಬೆಸೆದರೆ ಹುಟ್ಟುವ ವಸ್ತುವಿಗೆ ವಿಚಿತ್ರ ಗುಣ ಬರುತ್ತದೆ. ಅದರ ಸಕ್ಕರೆಯ ತಲೆ ನೀರನ್ನು ಹಿಡಿಯುತ್ತದೆ, ಎಣ್ಣೆಯ ಬಾಲ ಕೊಳೆಯ ಜಿಡ್ಡಿನೊಳಗೆ ನುಗ್ಗುತ್ತದೆ. ನೀರಿನೊಂದಿಗೆ ಜಿಡ್ಡೂ ಬಟ್ಟೆ ಬಿಟ್ಟು ಹೊರಡುತ್ತದೆ. ರಸಾಯನ ಶಾಸ್ತ್ರದವರು ಇಂಥದ್ದನ್ನು ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ನಮ್ಮ ಕಡೆ ಯಾವ ಕಂಪನಿಯ ಒಗೆಯುವ ಪುಡಿಗೂ ‘ಸರ್ಫ್’ ಎಂದೇ ಕರೆಯುವ ರೂಢಿ ಇರುವುದರಿಂದ ಆ ಹೆಸರು ನಾಲಿಗೆಗೆ ಅಷ್ಟೇನೂ ಹೊಸದಲ್ಲ.

ಸಕ್ಕರೆಗೆ ಬಾಲ ಕಟ್ಟುವ ಈ ವಿದ್ಯೆಯನ್ನು ಮನುಷ್ಯ ಪ್ರಯೋಗಾಲಯದಲ್ಲಿ ಕಲಿಯುವ ಮೊದಲೇ ಒಂದು ಮರ ಕಲಿತಿತ್ತು. ಅಂಟವಾಳ. ಬೀದರದ ಪೇಟೆಯಲ್ಲಿ ರೀಠಾ ಎಂದು ಕೇಳಿದರೆ ಬೇಗ ಸಿಗುತ್ತದೆ. ಕಾಯಿಯ ತಿರುಳಿನಲ್ಲಿರುವ ಸಪೋನಿನ್ ಎಂಬ ವಸ್ತುವಿನಲ್ಲಿ ಜಿಡ್ಡಿನ ಕಡೆಗೆ ಒಲಿಯುವ ಹೆಡರಾಜೆನಿನ್ ಎಂಬ ಒಂದು ಗಟ್ಟಿ ಚೌಕಟ್ಟಿದೆ, ಅದಕ್ಕೆ ಅರಾಬಿನೋಸ್, ರಾಮ್ನೋಸ್, ಕ್ಸೈಲೋಸ್ ಎಂಬ ಸಕ್ಕರೆಗಳು ಸರಪಳಿಯಂತೆ ತೂಗುಬಿದ್ದಿವೆ. ಬಿಸಿನೀರಿನಲ್ಲಿ ನೆನೆಸಿ ಕಿವುಚಿದರೆ ನೊರೆ. ಅಕ್ಕಸಾಲಿಗರು ಬೆಳ್ಳಿ-ಬಂಗಾರ ತೊಳೆಯಲು, ಹೆಂಗಸರು ತಲೆಗೂದಲಿಗೆ, ರೇಷ್ಮೆ-ಉಣ್ಣೆ ಉಟ್ಟವರು ತಮ್ಮ ಬಟ್ಟೆಗೆ ಇದನ್ನೇ ನಂಬಿದ್ದರು.

ದಿನಬಳಕೆಯ ಹತ್ತಿಬಟ್ಟೆಗೆ ಮಾತ್ರ ಬೇರೆ ದಾರಿ. ಹನ್ನೆರಡನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಬೀದರ ಜಿಲ್ಲೆಯದೇ. ಮಡಿವಾಳ ಮಾಚಿದೇವ ಶರಣರ ಬಟ್ಟೆ ಮಡಿ ಮಾಡಿ ಕೊಟ್ಟ ಊರದು. ಮಡಿವಾಳರ ಕಸುಬಿನಲ್ಲಿ ಚೌಳುಮಣ್ಣಿಗೂ ಉಬ್ಬೆಗೂ ದೊಡ್ಡ ಸ್ಥಾನ. ಕೊಳೆಬಟ್ಟೆಯನ್ನು ಚೌಳಿನ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕಿ ಆವಿಯಲ್ಲಿ ಬೇಯಿಸಿದರೆ, ಬಟ್ಟೆಗೆ ಅಂಟಿದ ಮೈಜಿಡ್ಡೇ ಚೌಳಿನ ಕ್ಷಾರದೊಡನೆ ಕೂಡಿ ಅಲ್ಲಿಯೇ ಅಷ್ಟಿಷ್ಟು ಸಾಬೂನಾಗುತ್ತದೆ. ಕೊಳೆಯಿಂದಲೇ ಕೊಳೆ ತೆಗೆಯುವ ಈ ಉಪಾಯದ ಮುಂದೆ ಎಷ್ಟೋ ಪೇಟೆಂಟುಗಳು ಸಪ್ಪೆ.

ಆದರೆ ಸಾಬೂನಿಗೆ ಒಂದು ಶತ್ರುವಿದೆ. ಬೀದರ ಕೋಟೆ ನಿಂತಿರುವುದು ಕೆಂಪುಕಲ್ಲಿನ, ಅಂದರೆ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕಲ್ಲಿನೊಳಗೆ ಸೋಸಿ ಬರುವ ನೀರು ಮೆತ್ತಗಿನದು. ಹದಿನೈದನೆಯ ಶತಮಾನದಲ್ಲಿ ಇದೇ ಕಲ್ಲಿನೊಳಗೆ ಕೊರೆದ ಕರೇಜ್ ಎಂಬ ಸುರಂಗಗಳಲ್ಲಿ ಆ ನೀರನ್ನು ಹರಿಸಲಾಗಿತ್ತು. ದಿಬ್ಬ ಇಳಿದು ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಹೋದರೆ ಕರಿಯ ಎರೆನೆಲ, ಕೆಳಗೆ ಕರಿಕಲ್ಲು. ಅಲ್ಲಿನ ಬಾವಿನೀರು ಗಡಸು. ಗಡಸು ನೀರಿನಲ್ಲಿರುವ ಸುಣ್ಣದಂಶ ಸಾಬೂನನ್ನು ಹಿಡಿದು ಬಿಳಿ ಗಸಿ ಮಾಡಿಬಿಡುತ್ತದೆ. ನೊರೆ ಏಳುವುದಿಲ್ಲ, ಬಟ್ಟೆಗೆ ಬೂದು ಬಣ್ಣ ಬರುತ್ತದೆ. ಅಂಟವಾಳಕ್ಕೆ ಈ ಕಾಟ ಅಷ್ಟಿಲ್ಲ, ಯಾಕೆಂದರೆ ಅದರ ತಲೆ ಸಕ್ಕರೆ. ಸುಣ್ಣಕ್ಕೆ ಹಿಡಿಯಲು ಅಲ್ಲಿ ಸಾಬೂನಿನಂಥ ಹಿಡಿ ಸಿಗುವುದಿಲ್ಲ.

1893ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಿಷರ್ ಸಕ್ಕರೆಯ ಅಣುಗಳ ಹಿಂದೆ ಬಿದ್ದಿದ್ದ. ಗ್ಲುಕೋಸನ್ನು ಮೆಥನಾಲಿನಲ್ಲಿ ಕರಗಿಸಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದಾಗ ಎರಡೂ ಕೂಡಿ, ನಡುವಿನಿಂದ ಒಂದು ನೀರಿನ ಅಣು ಹೊರಬಿತ್ತು. ಸಕ್ಕರೆಗೆ ಪುಟ್ಟದೊಂದು ಬಾಲ ಅಂಟಿಕೊಂಡಿತು. ಇಂಥದ್ದಕ್ಕೆ ಗ್ಲುಕೋಸೈಡ್ ಎಂದು ಹೆಸರು. ಅವನಿಗೆ ಬೇಕಿದ್ದದ್ದು ಸಕ್ಕರೆಯ ರಚನೆಯ ಗುಟ್ಟು, ನೊರೆಯಲ್ಲ. 1902ರಲ್ಲಿ ನೊಬೆಲ್ ಬಂತು. ಆದರೆ ಆ ಬಾಲ ಒಂದೇ ಇಂಗಾಲದ್ದು, ಅಷ್ಟು ಗಿಡ್ಡ ಬಾಲದಿಂದ ಜಿಡ್ಡು ಅಲುಗುವುದಿಲ್ಲ. ಎಂಟು, ಹತ್ತು, ಹನ್ನೆರಡು ಇಂಗಾಲದ ಬಾಲ ಬೇಕು. ಅಷ್ಟುದ್ದದ ಬಾಲವೆಂದರೆ ಎಣ್ಣೆಯ ಬಾಲ, ಮತ್ತೆ ಎಣ್ಣೆ-ಸಕ್ಕರೆ ಕೂಡದ ಅದೇ ಹಳೆಯ ಜಗಳ.

ಜರ್ಮನಿಗೆ ನೊರೆಯ ನೆನಪಾದದ್ದು ಹೊಟ್ಟೆಗೆ ಬಿದ್ದ ಪೆಟ್ಟಿನಿಂದ. ಮೊದಲ ಮಹಾಯುದ್ಧದಲ್ಲಿ ತಿನ್ನಲಿಕ್ಕೇ ಕೊಬ್ಬಿಲ್ಲದಾಗ ಸಾಬೂನಿಗೆ ಎಲ್ಲಿಂದ ತರುವುದು? 1917ರ ಹೊತ್ತಿಗೆ ಕಲ್ಲಿದ್ದಲಿನ ಮೂಲದ ನೆಕಾಲ್ ಎಂಬ ಕೃತಕ ವಸ್ತು ಬಂತು. 1932ರಲ್ಲಿ ಕೆಮ್ನಿಟ್ಸ್ ಊರಿನ ಬೋಮೆ ಸಂಸ್ಥೆ ಫೇವಾ ಎಂಬ ನಯವಾದ ಒಗೆಯುವ ಪುಡಿ ತಂದಿತು. ಅದೇ ಬೋಮೆಯವರು 1934ರಲ್ಲಿ ಉದ್ದ ಬಾಲದ ಗ್ಲುಕೋಸೈಡುಗಳನ್ನು ತೊಳೆಯಲು ಬಳಸುವ ಬಗ್ಗೆ ಪೇಟೆಂಟ್ ಪಡೆದರು. ಕಾಗದದ ಮೇಲೆ ಎಲ್ಲವೂ ಸಿದ್ಧವಾಗಿತ್ತು. ಅಲ್ಲಿಂದ ದೊಡ್ಡ ಕಾರ್ಖಾನೆಗೆ ಬರಲು ಇನ್ನೂ ಸುಮಾರು ಅರವತ್ತು ವರ್ಷ ಹಿಡಿಯಿತು.

ಅದೇ ದಶಕದಲ್ಲಿ ನಮ್ಮ ಮಾಂಜ್ರಾ ನದಿ ಸಕ್ಕರೆಯ ಕಡೆಗೆ ತಿರುಗಿತು. ಬೀಡ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರು ದಾಟಿ, ಭಾಲ್ಕಿ, ಔರಾದ, ಬೀದರ ತಾಲೂಕುಗಳ ಮೂಲಕ ಹರಿದು ತೆಲಂಗಾಣಕ್ಕೆ ಹೋಗುವ ನದಿ ಅದು. ಕೆಳಹರಿವಿನಲ್ಲಿ ನಿಜಾಮ ಸರ್ಕಾರ 1923ರಿಂದ 1931ರವರೆಗೆ ನಿಜಾಮಸಾಗರ ಕಟ್ಟಿಸಿತು, ಎಂಜಿನಿಯರ್ ಅಲಿ ನವಾಜ್ ಜಂಗ್ ಮೇಲ್ವಿಚಾರಣೆಯಲ್ಲಿ. ಆ ನೀರಿನ ಆಸರೆಯಲ್ಲಿ 1937ರಲ್ಲಿ ಬೋಧನದಲ್ಲಿ ನಿಜಾಂ ಸಕ್ಕರೆ ಕಾರ್ಖಾನೆ ಎದ್ದಿತು. ಬೀದರ ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ನೀರು ಇಲ್ಲಿಂದ ಹಾದು ಹೋಯಿತು, ಸಕ್ಕರೆ ಅಲ್ಲಿ ಆಯಿತು.

ಸಂಸ್ಥಾನಕ್ಕೆ ಎಣ್ಣೆಯ ಕಡೆಗೂ ಗಮನವಿತ್ತು. 1944ರಲ್ಲಿ ಹೈದರಾಬಾದಿನಲ್ಲಿ ಕೈಗಾರಿಕಾ ಸಂಶೋಧನೆಗೆಂದು ಆರಂಭವಾದ ಕೇಂದ್ರ ಪ್ರಯೋಗಾಲಯವೇ ಮುಂದೆ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವಾಗಿ, ಈಗ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಎನಿಸಿದೆ. ಎಣ್ಣೆಬೀಜಗಳ ರಸಾಯನ ಅಲ್ಲಿಯ ದೊಡ್ಡ ವಿಭಾಗ. ಕೊಡಗು ಮೂಲದ ಕೆ.ಟಿ. ಅಚ್ಚಯ್ಯ ಅಲ್ಲಿ ಎರಡು ದಶಕ ದುಡಿದವರು. ಇವತ್ತು ಅವರನ್ನು ಭಾರತೀಯ ಆಹಾರದ ಚರಿತ್ರೆ ಬರೆದವರೆಂದು ಬಲ್ಲೆವು, ಆದರೆ ಕಸುಬಿನಿಂದ ಅವರು ಎಣ್ಣೆಯ ರಸಾಯನಶಾಸ್ತ್ರಜ್ಞ. ಗಾಣದ ಬಗ್ಗೆಯೇ ಒಂದು ಪುಸ್ತಕ ಬರೆದರು. ಎಣ್ಣೆ ಬಲ್ಲವರು ಒಂದೂರಿನಲ್ಲಿ, ಸಕ್ಕರೆ ಬಲ್ಲವರು ಇನ್ನೊಂದೂರಿನಲ್ಲಿ, ನಡುವೆ ಬೀದರ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಹೋಯಿತು. 1956ರ ನವೆಂಬರ್ 1ರಂದು ಜಿಲ್ಲೆಯನ್ನೇ ಮೂರು ಭಾಗ ಮಾಡಿದರು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಬೋಧನದ ಕಾರ್ಖಾನೆ ಇದರೊಂದಿಗೆ ಬೇರೆ ರಾಜ್ಯದ್ದಾಯಿತು. ಬೀದರ ತನ್ನ ಸಕ್ಕರೆಯನ್ನು ತಾನೇ ಕಟ್ಟಿಕೊಳ್ಳಬೇಕಾಯಿತು, ಮಹಾರಾಷ್ಟ್ರದ ಸಹಕಾರಿ ದಾರಿಯನ್ನು ಕಣ್ಣಮುಂದೆ ಇಟ್ಟುಕೊಂಡು. ಹಳ್ಳಿಖೇಡದಲ್ಲಿ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ, ಆಮೇಲೆ ಭಾಲ್ಕಿ ತಾಲೂಕಿನ ಹುಣಜಿಯಲ್ಲಿ ಮಹಾತ್ಮಾ ಗಾಂಧಿ ಸಹಕಾರಿ ಕಾರ್ಖಾನೆ, ಜನವಾಡದ ಬಳಿ ನಾರಂಜಾ. ಕಾರಂಜಾ ಅಣೆಯ ನೀರು ಬಂದಲ್ಲಿ ಕಬ್ಬು ಬಂತು. ಔರಾದ ಒಣಗಿಯೇ ಉಳಿಯಿತು: ಜೋಳ, ತೊಗರಿ, ಹೆಸರು, ಕರಡಿ, ಇತ್ತೀಚೆಗೆ ಸೋಯಾ. ಕರಡಿ ಎಂದರೆ ಹೊರಗಿನವರು ಬೆಚ್ಚಬೇಕಿಲ್ಲ, ಇಲ್ಲಿ ಕುಸುಬಿಗೆ ಆ ಹೆಸರು.

ಜಗತ್ತಿನ ಇನ್ನೊಂದು ಕಡೆ ಸಕ್ಕರೆ ಮಿಕ್ಕಿತ್ತು. 1950ರ ದಶಕದಲ್ಲಿ ನ್ಯೂಯಾರ್ಕಿನ ಶುಗರ್ ರಿಸರ್ಚ್ ಫೌಂಡೇಷನ್, ತಿನ್ನಲಿಕ್ಕಲ್ಲದೆ ಸಕ್ಕರೆಯನ್ನು ಬೇರೆ ಯಾವುದಕ್ಕೆ ಬಳಸಬಹುದೆಂದು ಹುಡುಕಲು ಫಾಸ್ಟರ್ ಸ್ನೆಲ್ ಪ್ರಯೋಗಾಲಯಕ್ಕೆ ಕೆಲಸ ಒಪ್ಪಿಸಿತು. ಅವರು ಕಬ್ಬಿನ ಸಕ್ಕರೆಯನ್ನೇ ನೇರವಾಗಿ ಕೊಬ್ಬಿನ ಆಮ್ಲಕ್ಕೆ ಬೆಸೆದರು. ಎರಡನ್ನೂ ಕರಗಿಸಬಲ್ಲ ಡೈಮಿಥೈಲ್ ಫಾರ್ಮಮೈಡ್ ಎಂಬ ದ್ರಾವಕ ಆ ಜಗಳ ಬಿಡಿಸಿತು. ಆದರೆ ದ್ರಾವಕ ವಿಷಕಾರಿ, ಅದನ್ನು ಪೂರ್ತಿ ತೆಗೆಯುವುದೇ ದೊಡ್ಡ ತಲೆನೋವು, ಖರ್ಚಿನ ಬಾಬ್ತು. ಜಪಾನಿನವರು ಹಠ ಹಿಡಿದು 1959ರಲ್ಲಿ ಹೀಗೆ ಬೆಸೆದ ಸುಕ್ರೋಸ್ ಎಸ್ಟರನ್ನು ಆಹಾರಕ್ಕೆ ಬೆರೆಸಲು ಒಪ್ಪಿಗೆ ಕೊಟ್ಟರು. ಇವತ್ತಿಗೂ ಅದರ ಜಾಗ ಕೇಕು, ಬಿಸ್ಕತ್ತು, ಕ್ರೀಮುಗಳಲ್ಲಿ. ಒಗೆಯುವ ಕಲ್ಲಿನ ಬಳಿಗೆ ಅದು ಬರಲಿಲ್ಲ.

ಕಲ್ಲಿನ ಬಳಿಗೆ ಬಂದದ್ದು ಪೆಟ್ರೋಲಿಯಮ್ಮಿನ ಮಗು. ಅದೇ 1959ರಲ್ಲಿ ಭಾರತದಲ್ಲಿ ಸರ್ಫ್ ಬಂತು. ಹತ್ತು ವರ್ಷಕ್ಕೆ, 1969ರಲ್ಲಿ, ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಹೊರತಂದರು. ಬಡವರ ಮನೆಯ ಬಟ್ಟೆ ಆ ಹಳದಿ ಪುಡಿಯಲ್ಲಿ ನೆನೆಯಿತು. ಗಡಸು ನೀರಿನಲ್ಲೂ ನೊರೆ! ಎರೆನೆಲದ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ. ಡಿಟರ್ಜೆಂಟನ್ನು ಬೈಯುವ ಮುಂಚೆ, ಗಡಸು ನೀರಿನಲ್ಲಿ ಸಾಬೂನು ತಿಕ್ಕಿ ತಿಕ್ಕಿ ಕೈಸೋತ ಹೆಂಗಸರನ್ನು ನೆನೆಯಬೇಕು. ನಮ್ಮ ಪರಿಸರದ ಬರಹಗಳು ಇದನ್ನು ಮರೆಯುವುದೇ ಹೆಚ್ಚು.

ಅಲ್ಲಿ ಜರ್ಮನಿಯಲ್ಲಿ ಆ ಹೊತ್ತಿಗೆ ನದಿಗಳ ಮೇಲೆ ನೊರೆಯ ಗುಡ್ಡಗಳು ಎದ್ದಿದ್ದವು. ಪೆಟ್ರೋಲಿಯಮ್ಮಿನ ಮೊದಲ ಡಿಟರ್ಜೆಂಟುಗಳ ಬಾಲ ಕವಲೊಡೆದದ್ದು, ಸೂಕ್ಷ್ಮಜೀವಿಗಳ ಹಲ್ಲಿಗೆ ಸಿಗದು. 1961ರಲ್ಲಿ ಕಾನೂನು ಮಾಡಿ, 1964ರಿಂದ ಶೇಕಡಾ 80ರಷ್ಟಾದರೂ ಕೊಳೆಯುವಂತಿರಬೇಕೆಂದು ಕಟ್ಟು ಹಾಕಿದರು. ಕವಲಿಲ್ಲದ ನೇರ ಬಾಲದ ವಸ್ತು ಬಂತು. ಅಂಥ ವಸ್ತುವಿದ್ದೂ, ಚರಂಡಿ ನೀರನ್ನು ಶುದ್ಧ ಮಾಡದೆ ಬಿಟ್ಟರೆ ಏನಾಗುತ್ತದೆಂದು 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ತೋರಿಸಿತು.

ಪೇಟೆಂಟಿನ ಕಾಗದದಲ್ಲಿ ಮಲಗಿದ್ದ ಗ್ಲುಕೋಸೈಡಿಗೆ ಎಚ್ಚರವಾದದ್ದು ಜರ್ಮನಿಯ ಆ ನೊರೆಯ ಗಲಾಟೆಯ ನಂತರ. 1970ರ ದಶಕದ ಕೊನೆಗೆ ಅಮೆರಿಕದ ರೋಮ್ ಅಂಡ್ ಹಾಸ್ ಗಿಡ್ಡ ಬಾಲದ್ದನ್ನು ಕೈಗಾರಿಕೆಗಳಿಗೆ ಮಾರತೊಡಗಿತು. ಉದ್ದ ಬಾಲದ್ದನ್ನು ಪಳಗಿಸಿದವರು ಜರ್ಮನಿಯ ಹೆಂಕೆಲ್. 1992ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ವರ್ಷಕ್ಕೆ 25,000 ಟನ್ನಿನ ಘಟಕ, 1995ರಲ್ಲಿ ಡ್ಯೂಸೆಲ್‌ಡಾರ್ಫಿನಲ್ಲಿ ಅಷ್ಟೇ ದೊಡ್ಡ ಇನ್ನೊಂದು. ಗ್ಲುಕೋಸಿನ ನುಣ್ಣನೆಯ ಹಿಟ್ಟನ್ನು ಕೊಬ್ಬಿನ ಆಲ್ಕೋಹಾಲಿನಲ್ಲಿ ಕದಡಿ, ಚೂರು ಆಮ್ಲ ಹಾಕಿ, ನಿರ್ವಾತದಲ್ಲಿ ನೂರು ಡಿಗ್ರಿಗಿಂತ ಕೊಂಚ ಮೇಲೆ ಕಾಯಿಸುತ್ತಾರೆ. ಹುಟ್ಟುವ ನೀರನ್ನು ಆಗಿಂದಾಗ ಎಳೆದು ತೆಗೆಯಬೇಕು. ಆಮೇಲೆ ಕ್ಷಾರ ಹಾಕಿ ಆಮ್ಲದ ಬಾಯಿ ಮುಚ್ಚಿ, ಮಿಕ್ಕ ಆಲ್ಕೋಹಾಲನ್ನು ಭಟ್ಟಿಯಿಳಿಸಿ ತೆಗೆಯುತ್ತಾರೆ. ಕಷ್ಟವಿರುವುದೆಲ್ಲ ಬೆಂಕಿಯ ಹದದಲ್ಲಿ. ಸಕ್ಕರೆ ಸೀದರೆ ಮುಗಿಯಿತು.

ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರಿಗೆ ಈ ಭಯವನ್ನು ವಿವರಿಸಬೇಕಿಲ್ಲ. ಸುಣ್ಣದ ತಿಳಿ ಬಿಟ್ಟು, ಬೆಂಡೆಯ ಲೋಳೆ ಹಾಕಿ ಗಸಿ ತೆಗೆದು, ಪಾಕ ಏರುವ ಗಳಿಗೆಗೆ ಕಾಯುವವನು ಹದ ತಪ್ಪಿದರೆ ಬೆಲ್ಲ ಕಪ್ಪಾಗುತ್ತದೆಂದು ಬಲ್ಲ. ಡ್ಯೂಸೆಲ್‌ಡಾರ್ಫಿನವರೂ ಕಂದು ಬಣ್ಣದೊಂದಿಗೇ ಹೋರಾಡಿ, ಕಡೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಳುಪು ಮಾಡಿಕೊಂಡರು.

ಹಾಗಾದರೆ ಕಬ್ಬಿನ ಜಿಲ್ಲೆಯಲ್ಲಿ ಈ ಗ್ಲುಕೋಸೈಡನ್ನೇಕೆ ಮಾಡಬಾರದು ಎಂಬ ಪ್ರಶ್ನೆ ಹುಟ್ಟುತ್ತದೆ. ಇಲ್ಲಿ ಒಂದು ತೊಡಕಿದೆ, ಉತ್ಸಾಹಿಗಳು ಅದನ್ನು ಎಡವಿಯೇ ಮುಂದೆ ಹೋಗುತ್ತಾರೆ. ಕಬ್ಬಿನ ಸಕ್ಕರೆ ಗ್ಲುಕೋಸ್ ಅಲ್ಲ. ಗ್ಲುಕೋಸ್, ಫ್ರುಕ್ಟೋಸ್ ಎರಡೂ ಕೈಕೈ ಹಿಡಿದ ಜೋಡಿ ಅದು. ಆಮ್ಲ ಬಿದ್ದು ಬಿಸಿ ತಾಗಿದರೆ ಕೈ ಬಿಡುತ್ತವೆ, ಫ್ರುಕ್ಟೋಸ್ ಬಹುಬೇಗ ಸೀಯುತ್ತದೆ. ಹೆಂಕೆಲ್ ಘಟಕಗಳಿಗೆ ಬೇಕಾದದ್ದು ಪಿಷ್ಟದಿಂದ, ಅಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ತೆಗೆದ ಗ್ಲುಕೋಸ್. ಈ ಲೆಕ್ಕದಲ್ಲಿ ಡ್ಯೂಸೆಲ್‌ಡಾರ್ಫಿಗೆ ಹತ್ತಿರದ್ದು ಭಾಲ್ಕಿಯ ಕಬ್ಬಲ್ಲ, ಔರಾದಿನ ಜೋಳ! ಬಾಲದ ಮಾತೂ ಅಷ್ಟೇ. ಹನ್ನೆರಡು-ಹದಿನಾಲ್ಕು ಇಂಗಾಲದ ಬಾಲ ಸಿಗುವುದು ತೆಂಗಿನೆಣ್ಣೆ ಅಥವಾ ತಾಳೆಬೀಜದ ಎಣ್ಣೆಯಲ್ಲಿ. ಬೀದರದಲ್ಲಿ ತೆಂಗಿಲ್ಲ, ತಿಪಟೂರಿನಲ್ಲಿದೆ. ಜಗತ್ತಿನ ಬಹುಪಾಲು ಬಾಲ ಬರುವುದು ಇಂಡೊನೇಷ್ಯಾ, ಮಲೇಷ್ಯಾದ ತಾಳೆತೋಟಗಳಿಂದ, ಅಲ್ಲಿ ಕಾಡು ಕಡಿದ ಲೆಕ್ಕ ಬೇರೆಯೇ ಇದೆ. ‘ಸಸ್ಯಮೂಲ’ ಎಂಬ ಚೀಟಿ ಅಂಟಿಸಿದೊಡನೆ ವಸ್ತು ಸಾಧುವಾಗುವುದಿಲ್ಲ. ಅಂಟವಾಳದ ನೊರೆಯೇ ಮೀನಿಗೆ ವಿಷ. ಇಂಥ ಕಾಯಿಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ತೇಲಿಸುತ್ತಿದ್ದವರಿಗೆ ಗೊತ್ತು.

ಕಬ್ಬಿಗೆ ದಾರಿ ಇಲ್ಲವೆಂದಲ್ಲ, ಅದು ಬಳಸುದಾರಿ. ಒಂದು ಟನ್ ಕಬ್ಬು ಅರೆದರೆ ನೂರು ಕಿಲೊದಷ್ಟು ಸಕ್ಕರೆ, ನಲವತ್ತು-ನಲವತ್ತೈದು ಕಿಲೊ ಕಾಕಂಬಿ. ಕಾಕಂಬಿಯ ಹಣೆಬರಹ ನಮ್ಮಲ್ಲಿ ಬಹುಕಾಲ ಸಾರಾಯಿ, ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್. ಆದರೆ 1989ರಲ್ಲೇ ಕಾಶೀಪುರದ ಇಂಡಿಯಾ ಗ್ಲೈಕಾಲ್ಸ್ ಕಾಕಂಬಿಯ ಎಥನಾಲಿನಿಂದ ಎಥಿಲೀನ್ ಆಕ್ಸೈಡ್ ತೆಗೆಯುವ ಕೆಲಸಕ್ಕೆ ಕೈಹಾಕಿತು. ಎಥಿಲೀನ್ ಆಕ್ಸೈಡ್ ಹಲವು ಡಿಟರ್ಜೆಂಟುಗಳ ನೀರಿನ ತಲೆ ಕಟ್ಟುವ ಇಟ್ಟಿಗೆ. ಬೇರೆಯವರು ಪೆಟ್ರೋಲಿಯಮ್ಮಿನಿಂದ ಮಾಡುವ ಆ ಇಟ್ಟಿಗೆಯನ್ನು ಇವರು ಕಬ್ಬಿನಿಂದ ಮಾಡಿದರು. ಸಕ್ಕರೆ ಅಲ್ಲಿ ಸಕ್ಕರೆಯಾಗಿ ಉಳಿಯುವುದಿಲ್ಲ ನಿಜ, ಆದರೂ ಇಂಗಾಲ ಕಬ್ಬಿನದೇ.

ಇನ್ನೊಂದು ದಾರಿ ಹುಳಿಯುವುದು. 1961ರಲ್ಲಿ ಕೆನಡಾದ ಸಸ್ಕಾಟೂನಿನಲ್ಲಿ ಗೋರಿನ್, ಸ್ಪೆನ್ಸರ್, ಟುಲಕ್ ಎಂಬ ಮೂವರು ಒಂದು ಯೀಸ್ಟ್ ತಾನಾಗಿಯೇ ಸಕ್ಕರೆಯ ತಲೆಗೆ ಎಣ್ಣೆಯ ಬಾಲ ಬೆಸೆಯುತ್ತಿರುವುದನ್ನು ಕಂಡರು. ಸೋಫೊರೊಲಿಪಿಡ್ ಎಂದು ಹೆಸರಾಯಿತು. ಮುಂದೆ ಇದೇ ಕೆಲಸಕ್ಕೆ ಹೆಸರಾದ ಇನ್ನೊಂದು ಯೀಸ್ಟ್ ದಪ್ಪ ಕಾಡುದುಂಬಿಯ ಜೇನಿನಲ್ಲಿ ಸಿಕ್ಕಿದ್ದು. ಆಮ್ಲ ಬೇಡ, ನಿರ್ವಾತ ಬೇಡ, ವಿಷದ ದ್ರಾವಕ ಬೇಡ. ಸಕ್ಕರೆಯ ನೀರು, ಒಂದಿಷ್ಟು ಎಣ್ಣೆ, ಗಾಳಿ, ಕೆಲವು ದಿನ. ಲೀಟರಿಗೆ 300 ಗ್ರಾಂ ದಾಟಿದ ಇಳುವರಿಯನ್ನೂ ಪ್ರಯೋಗಾಲಯಗಳು ಕಂಡಿವೆ. ಈ ಯೀಸ್ಟಿಗೆ ತೆಂಗಿನ ಹಂಗಿಲ್ಲ, ಹದಿನೆಂಟು ಇಂಗಾಲದ ಉದ್ದ ಬಾಲವೇ ಇಷ್ಟ. ಹದಿನೆಂಟು ಇಂಗಾಲದ್ದೆಂದರೆ ಸೋಯಾ, ಕರಡಿ, ಸೂರ್ಯಕಾಂತಿ. 2004ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಸೋಯಾ ಸಂಸ್ಕರಣೆಯಲ್ಲಿ ಉಳಿಯುವ ಕಾಕಂಬಿಯ ಮೇಲೆಯೇ ಇದನ್ನು ಬೆಳೆಸಿ ತೋರಿಸಿದರು. ನಮಗೆ ಹತ್ತಿರದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅಸ್ಮಿತಾ ಪ್ರಭುಣೆ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಇದರ ಹಿಂದೆ ದುಡಿದಿದ್ದಾರೆ. ಯುರೋಪಿನಲ್ಲಿ ಇದರ ದಾಯಾದಿ ರಾಮ್ನೊಲಿಪಿಡ್‌ಗೆಂದು ಇವೊನಿಕ್ ಕಂಪನಿ 2024ರಲ್ಲಿ ಸ್ಲೊವಾಕಿಯಾದಲ್ಲಿ ದೊಡ್ಡ ಕಾರ್ಖಾನೆಯನ್ನೇ ತೆರೆದಿದೆ.

ಭಾಲ್ಕಿಯ ಕಾಕಂಬಿ, ಔರಾದಿನ ಸೋಯಾ. ನಕಾಶೆಯ ಮೇಲೆ ಬೆರಳಿಟ್ಟರೆ ಒಂದು ಗೇಣೂ ಇಲ್ಲ. ಆದರೆ ಸಕ್ಕರೆ ಅಂದರೆ ನೀರು. 2016ರ ಏಪ್ರಿಲ್‌ನಲ್ಲಿ ಇದೇ ಮಾಂಜ್ರಾದ ಮೇಲ್ಹರಿವಿನ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಅದರ ಹಿಂದಿನ ವರ್ಷವೇ ಕೆಳಹರಿವಿನ ಬೋಧನದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಹೊಸ ನೊರೆಗೆಂದು ಹೊಸದಾಗಿ ಕಬ್ಬು ಹಚ್ಚುವುದಾದರೆ ನನ್ನ ಮತ ಬೇಡವೆಂದೇ. ಈಗಾಗಲೇ ಹೊರಬೀಳುತ್ತಿರುವ ಕಾಕಂಬಿಯನ್ನು ಸುಡುವ ಬದಲು ಬೆಸೆಯುವುದಾದರೆ ಮಾತು ಬೇರೆ.

ಈಚೆಗೆ ಬೀದರದ ಉಸ್ಮಾನಗಂಜಿನ ಒಂದು ಕಿರಾಣಿ ಅಂಗಡಿಯಲ್ಲಿ ರೀಠಾ ಕೇಳಿದೆ. ‘ಎಷ್ಟ್ ಬೇಕ್ರಿ, ಪಾವಕಿಲೊ?’ ಎಂದು ಅಂಗಡಿಯವರು ಗೋಣಿಚೀಲದಿಂದ ತೆಗೆದು ತೂಗಿದರು. ಸುಕ್ಕುಗಟ್ಟಿದ ಕಂದು ಕಾಯಿಗಳು, ಅಲುಗಿಸಿದರೆ ಒಳಗಿನ ಕರಿಬೀಜ ಗಿಲಗಿಲ. ಅವರು ಪೊಟ್ಟಣ ಕಟ್ಟುವಷ್ಟರಲ್ಲಿ ಪಕ್ಕದ ಸಾಲಿನಲ್ಲಿದ್ದ ಮಕ್ಕಳ ಶಾಂಪೂ ಬಾಟಲಿಯೊಂದನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ. ನೀರಿನ ನಂತರದ ಸಾಲುಗಳಲ್ಲಿ ಡೆಸಿಲ್ ಗ್ಲುಕೋಸೈಡ್ ಎಂದಿತ್ತು. ಬೆಲೆ ಕೇಳಿದೆ. ಕಾಲು ಕಿಲೊ ರೀಠಾಕ್ಕಿಂತ ಹೆಚ್ಚು. ‘ಅದೂ ಬೇಕೇನ್ರಿ?’ ಎಂದರು. ಬೇಡವೆಂದು ಪೊಟ್ಟಣ ಮಾತ್ರ ಇಸಿದುಕೊಂಡು ಬಂದೆ.